ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್: ಕಾರ್ಮಿಕ ವಸತಿ

ಸಂಯುಕ್ತ ಅರಬ್ ಎಮಿರೇಟ್ಸ್‌ನ ದುಬೈಯಲ್ಲಿ, ಜೆಬೆಲ್ ಅಲಿಯ ಸಮೀಪದ ಬಡಾವಣೆಯೊಂದರಲ್ಲಿ ಕಡಿಮೆ ಸಂಬಳದ ವಲಸೆ ಕಾರ್ಮಿಕರಿಗಾಗಿ ಇರುವ ಸಾಮೂಹಿಕ ವಸತಿ ವ್ಯವಸ್ಥೆ. ಆಡುಮಾತಿನಲ್ಲಿ ಲೇಬರ್ ಕ್ಯಾಂಪ್. 1997ರಲ್ಲಿ ಆರಂಭವಾದ ಈ ಬಡಾವಣೆಯ ವಿಸ್ತೀರ್ಣ ಸುಮಾರು 2,300 ಹೆಕ್ಟೇರ್. ಕಾರ್ಖಾನೆ, ಗೋದಾಮು, ಕುಟುಂಬಗಳ ಮನೆ, ಕಾರ್ಮಿಕರ ಕಟ್ಟಡ ಎಲ್ಲವೂ ಇದರಲ್ಲಿವೆ. 2021ರಲ್ಲಿ ಮೆಟ್ರೊ ನಿಲ್ದಾಣ ತೆರೆಯಿತು.

ವಸತಿಯ ಹೊಣೆ ಮುಖ್ಯವಾಗಿ ಉದ್ಯೋಗದಾತರದು. ಕನಿಷ್ಠ 50 ಕಾರ್ಮಿಕರಿರುವ ಕಂಪನಿಗಳು ತಿಂಗಳಿಗೆ 2,000 ದಿರ್‌ಹಮ್‌ಗಿಂತ ಕಡಿಮೆ ಸಂಬಳದವರಿಗೆ ವಸತಿ ಒದಗಿಸಬೇಕೆಂಬ ನಿಯಮ 2016ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಕಟ್ಟಡದ ಮಾನದಂಡಗಳನ್ನು 2009ರ ಸಂಪುಟ ನಿರ್ಣಯ ಗೊತ್ತುಪಡಿಸಿದೆ: ತಲಾ ಕನಿಷ್ಠ 3 ಚದರ ಮೀಟರ್ ಜಾಗ, ಕೋಣೆಗೆ ಹೆಚ್ಚೆಂದರೆ 8ರಿಂದ 10 ಮಂದಿ. ಎರಡಂತಸ್ತಿನ ಮಂಚಗಳು, ಎಲ್ಲರಿಗೂ ಸೇರಿದ ಅಡುಗೆಮನೆ, ಕೆಲಸದ ಜಾಗಕ್ಕೆ ಒಯ್ಯುವ ಕಂಪನಿ ಬಸ್ಸು ಇಂಥ ಕಟ್ಟಡಗಳ ಸಾಮಾನ್ಯ ಚಿತ್ರ.

ಕಂಪನಿ ವಸತಿ ಇಲ್ಲದವರು ನಗರದಲ್ಲಿ ಕೋಣೆಯ ಒಂದು ಹಾಸಿಗೆಯನ್ನಷ್ಟೇ ಬಾಡಿಗೆಗೆ ಹಿಡಿಯುವುದುಂಟು. ಕರಾವಳಿ ಕರ್ನಾಟಕ, ಕಾಸರಗೋಡುಗಳಿಂದ ಹೋದವರಿಗೂ ಈ 'ಬೆಡ್‌ಸ್ಪೇಸ್' ಪರಿಚಿತ. ಕುಟುಂಬಗಳ ಬಡಾವಣೆಗಳಲ್ಲಿ ಹೀಗೆ ಹಂಚಿಕೊಂಡು ಬಾಳುವುದನ್ನು ತಡೆಯಲು ದುಬೈ ಪುರಸಭೆ 2008ರಲ್ಲಿ 'ಒಂದು ವಿಲ್ಲಾ, ಒಂದು ಕುಟುಂಬ' ಅಭಿಯಾನ ನಡೆಸಿತು.

ಸಾರ್ವಜನಿಕ ಅಗ್ಗದ ವಸತಿ ಯೋಜನೆಗಿಂತ ಲೇಬರ್ ಕ್ಯಾಂಪ್ ಭಿನ್ನ. ಇಲ್ಲಿ ಸೂರು ಸಿಗುವುದು ನಾಗರಿಕ ಹಕ್ಕಿನಿಂದಲ್ಲ, ನೌಕರಿಯಿಂದ. ನೌಕರಿ ಹೋದರೆ ಹಾಸಿಗೆಯೂ ಹೋಗುತ್ತದೆ.