ಕೋಡ್ ಪೂರಣದ ಚರಿತ್ರೆ: ಪದಭಂಡಾರದ ನೆಲೆಯಿಂದ ಒಂದು ಅವಲೋಕನ

ಅರ್ಧಕ್ಕೆ ನಿಂತ ನುಡಿಯನ್ನು ಇನ್ನೊಬ್ಬರು ಪೂರ್ತಿಗೊಳಿಸುವ ಕ್ರಮ ಪಂಡಿತ ಪರಂಪರೆಗೂ ಜನಪದ ಪರಂಪರೆಗೂ ಹೊಸದಲ್ಲ. ಅವಧಾನದಲ್ಲಿ ಪೃಚ್ಛಕನು ಒಂದು ಪಾದವನ್ನು ಒಡ್ಡುತ್ತಾನೆ; ಅವಧಾನಿ ಉಳಿದ ಪಾದಗಳನ್ನು ಕಟ್ಟಿ ಸಮಸ್ಯೆಯನ್ನು ಪೂರಣ ಮಾಡುತ್ತಾನೆ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರ ಮೇಳದಲ್ಲಿ ಮುಖ್ಯ ಗಾಯಕ ಸೊಲ್ಲೆತ್ತಿದೊಡನೆ ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುತ್ತಾರೆ. ಇವೆರಡೂ ಸಾಧ್ಯವಾಗುವುದು ಪೂರ್ತಿಗೊಳಿಸುವವರ ಬಳಿ ಮೊದಲೇ ಒಂದು ಪದಭಂಡಾರ ಇದ್ದಾಗ ಮಾತ್ರ. ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯುವವರ ನಡುವೆ ಕಳೆದ ಐದು ದಶಕಗಳಲ್ಲಿ ಬೆಳೆದುಬಂದ ‘ಕೋಡ್ ಪೂರಣ’ ಎಂಬ ಸೌಲಭ್ಯದ ಹಿಂದೆಯೂ ಇಂತಹುದೇ ಒಂದು ಭಂಡಾರವಿದೆ. ಬರೆಯುವವರು ಒಂದು ಹೆಸರಿನ ಮೊದಲ ಕೆಲವು ಅಕ್ಷರಗಳನ್ನು ಒತ್ತಿದಾಗ ಎಡಿಟರ್ ಎಂಬ ಬರವಣಿಗೆಯ ತಂತ್ರಾಂಶವು ಉಳಿದ ಭಾಗವನ್ನು ತಾನೇ ಸೂಚಿಸುವುದು ಕೋಡ್ ಪೂರಣ. ಎಡಿಟರಿಗೆ ಹೊರಗಿನಿಂದ ಜೋಡಿಸುವ ಕಿರುತಂತ್ರಾಂಶವನ್ನು ಪ್ಲಗಿನ್ ಎನ್ನುತ್ತಾರೆ.

ಈ ಪ್ಲಗಿನ್‌ಗಳನ್ನು ಉತ್ತಮಪಡಿಸಿದ ಚರಿತ್ರೆಯನ್ನು ಸಾಮಾನ್ಯವಾಗಿ ವೇಗದ ಮತ್ತು ಅನುಕೂಲದ ಚರಿತ್ರೆಯಾಗಿ ಹೇಳಲಾಗುತ್ತದೆ. ಜಾನಪದ ಅಧ್ಯಯನದ ನೆಲೆಯಿಂದ ನೋಡಿದಾಗ ಅಲ್ಲಿ ಇನ್ನೊಂದು ಪ್ರಶ್ನೆ ಮುಖ್ಯವಾಗುತ್ತದೆ: ಸೂಚಿತವಾದ ಪದ ಯಾರ ಭಂಡಾರದಿಂದ ಬಂತು? ಪ್ರತಿಯೊಂದು ಸುಧಾರಣೆಯೂ ಈ ಪ್ರಶ್ನೆಗೆ ಒಂದು ಹೊಸ ಉತ್ತರವನ್ನು ನೀಡಿದೆ. ಆ ಉತ್ತರಗಳನ್ನು ಕಾಲಾನುಕ್ರಮದಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಬರೆಯುವವರ ಸ್ವಂತ ಭಂಡಾರ

ಪೂರಣದ ಆರಂಭವು ಎಡಿಟರಿನಲ್ಲಿ ಅಲ್ಲ, ಗಣಕಯಂತ್ರಕ್ಕೆ ನೀಡುವ ಆದೇಶಗಳಲ್ಲಿ ಆಯಿತು. ಅಮೆರಿಕದ ಕೇಂಬ್ರಿಡ್ಜ್‌ನಲ್ಲಿದ್ದ ಬಿಬಿಎನ್ ಸಂಸ್ಥೆಯಲ್ಲಿ 1970ರ ಸುಮಾರಿಗೆ ರೂಪುಗೊಂಡ ಟೆನೆಕ್ಸ್ ಎಂಬ ಕಾರ್ಯನಿರ್ವಹಣ ವ್ಯವಸ್ಥೆಯಲ್ಲಿ ಆದೇಶದ ಮೊದಲ ಅಕ್ಷರಗಳನ್ನು ಬರೆದು ಎಸ್ಕೇಪ್ ಕೀಲಿಯನ್ನು ಒತ್ತಿದರೆ ಉಳಿದ ಅಕ್ಷರಗಳು ತಾವಾಗಿ ಮೂಡುತ್ತಿದ್ದವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕೆನ್ ಗ್ರೀರ್ ಅವರು ಈ ಕ್ರಮವನ್ನು ಯುನಿಕ್ಸ್ ವ್ಯವಸ್ಥೆಯ ಸಿ ಶೆಲ್‌ಗೆ ತಂದರು. ಹಾಗೆ ಹುಟ್ಟಿದ ಟಿಸಿ ಶೆಲ್ ಎಂಬ ಹೆಸರಿನ ಮೊದಲಕ್ಷರ ಟೆನೆಕ್ಸ್‌ನ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ. ಪಡೆದವರು ಕೊಟ್ಟವರನ್ನು ಹೆಸರಿನಲ್ಲೇ ಸ್ಮರಿಸಿಕೊಂಡ ಈ ಸಂಗತಿ ಚಿಕ್ಕದಾದರೂ ಮುಂದಿನ ಚರ್ಚೆಯ ದೃಷ್ಟಿಯಿಂದ ಗಮನಾರ್ಹವಾದುದು.

1976ರಲ್ಲಿ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್, ಗೈ ಸ್ಟೀಲ್ ಮೊದಲಾದವರು ಈಮ್ಯಾಕ್ಸ್ ಎಡಿಟರನ್ನು ರೂಪಿಸಿದರು. ಈ ಪರಂಪರೆಯಲ್ಲಿ ಬೆಳೆದ ‘ಚಲ ಸಂಕ್ಷೇಪ’ ಎಂಬ ಸೌಲಭ್ಯದ ವಿಧಾನ ಸರಳವಾದುದು. ಬರೆಯುವವರು ಅರ್ಧಪದದ ಮುಂದೆ ನಿಗದಿತ ಕೀಲಿಯನ್ನು ಒತ್ತಿದರೆ ಎಡಿಟರ್ ಅದೇ ಕಡತದಲ್ಲಿ ಹಿಂದಕ್ಕೆ ಹುಡುಕುತ್ತ ಹೋಗಿ, ಆ ಅಕ್ಷರಗಳಿಂದ ಆರಂಭವಾಗುವ ಹತ್ತಿರದ ಪದವನ್ನು ತಂದಿಡುತ್ತದೆ. ಆ ಪದ ಸರಿಯಲ್ಲವೆಂದಾದರೆ ಮತ್ತೊಮ್ಮೆ ಒತ್ತಿದಾಗ ಇನ್ನೂ ಹಿಂದಿನ ಪದ ಬರುತ್ತದೆ. ಇಲ್ಲಿ ಎಡಿಟರಿಗೆ ಭಾಷೆಯ ಅರಿವಿಲ್ಲ, ವ್ಯಾಕರಣವೂ ತಿಳಿಯದು. ಬರೆಯುವವರು ಈ ಮೊದಲು ಆಡಿದ ಮಾತನ್ನೇ ಅವರಿಗೆ ಹಿಂದಿರುಗಿಸುವುದಷ್ಟೇ ಅದರ ಕೆಲಸ. ಭಂಡಾರ ಸಂಪೂರ್ಣವಾಗಿ ಅವರದೇ.

2. ನೆರೆಹೊರೆಯ ಭಂಡಾರ: ವಿಮ್

1976ರಲ್ಲಿ ಬಿಲ್ ಜಾಯ್ ರೂಪಿಸಿದ ವಿಐ ಎಡಿಟರಿನ ಮಾದರಿಯನ್ನು ಅನುಸರಿಸಿ ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್ ಅವರು ವಿಮ್ ಎಡಿಟರನ್ನು 1991ರಲ್ಲಿ ಸಾರ್ವಜನಿಕಗೊಳಿಸಿದರು. ವಿಮ್ ಒಂದು ದಾನಪ್ರೇರಕ ತಂತ್ರಾಂಶ. ಅದನ್ನು ಬೆಲೆಯಿಲ್ಲದೆ ಬಳಸಬಹುದು. ಮನಸ್ಸಿದ್ದವರು ಉಗಾಂಡದ ಕಿಬಾಲೆ ಪ್ರದೇಶದ ಮಕ್ಕಳಿಗೆ ನೆರವಾಗಬೇಕೆಂಬುದು ಕರ್ತೃವಿನ ಕೋರಿಕೆಯಾಗಿತ್ತು.

ವಿಮ್‌ನ ಪದಪೂರಣವು ಭಂಡಾರವನ್ನು ಹಿಗ್ಗಿಸಿದ ಕ್ರಮ ಕುತೂಹಲಕರವಾಗಿದೆ. ಪೂರ್ವನಿಗದಿತ ವ್ಯವಸ್ಥೆಯಲ್ಲಿ ಅದು ಮೊದಲು ತೆರೆದಿರುವ ಕಡತವನ್ನು ನೋಡುತ್ತದೆ. ಬಳಿಕ ಪಕ್ಕದ ಕಿಟಕಿಗಳಲ್ಲಿರುವ ಕಡತಗಳನ್ನು. ಆಮೇಲೆ ತೆರೆಮರೆಯಲ್ಲಿರುವ ಇತರ ಕಡತಗಳನ್ನು. ಅನಂತರ ಹೆಸರುಗಳ ಸೂಚಿಯನ್ನು. ಕಡೆಗೆ ಈ ಕಡತವು ಆಶ್ರಯಿಸಿರುವ ಹೊರಗಿನ ಕಡತಗಳನ್ನು. ಮನೆಯಲ್ಲಿಲ್ಲದ ವಸ್ತುವನ್ನು ಪಕ್ಕದ ಮನೆಯಲ್ಲಿ, ಅಲ್ಲಿಯೂ ಇಲ್ಲದಿದ್ದರೆ ಕೇರಿಯಲ್ಲಿ ಕೇಳುವ ರೂಢಿಯಂತೆ ಈ ಕ್ರಮ ಸಾಗುತ್ತದೆ. ಪದವು ಯಾವ ಕಡತದಿಂದ ಬಂತೆಂಬುದನ್ನೂ ಎಡಿಟರ್ ಪಟ್ಟಿಯಲ್ಲಿ ತೋರಿಸಬಲ್ಲದು.

2006ರ ಮೇ ತಿಂಗಳಲ್ಲಿ ಹೊರಬಂದ ವಿಮ್‌ನ 7ನೆಯ ಆವೃತ್ತಿಯಲ್ಲಿ ‘ಸರ್ವಪೂರಣ’ ಸೇರಿಕೊಂಡಿತು. ಬರೆಯುತ್ತಿರುವ ಪ್ರೋಗ್ರಾಮಿಂಗ್ ಭಾಷೆ ಯಾವುದು, ಆ ಸ್ಥಾನದಲ್ಲಿ ಎಂತಹ ಹೆಸರು ಬರಲು ಸಾಧ್ಯ ಎಂಬುದನ್ನು ಪ್ರತ್ಯೇಕ ಕ್ರಮವಿಧಿಯೊಂದು ಪರಿಶೀಲಿಸಿ ಹೇಳುವ ಅವಕಾಶ ಇದರಿಂದ ಒದಗಿತು. ಭಾಷೆಗೊಂದರಂತೆ ಇಂತಹ ಕ್ರಮವಿಧಿಗಳನ್ನು ಬಳಕೆದಾರರೇ ಬರೆದು ಹಂಚಿಕೊಂಡರು. ಪದಭಂಡಾರದ ಜೊತೆಗೆ ವ್ಯಾಕರಣವೂ ಹೀಗೆ ಸೇರಿತು.

3. ಪಟ್ಟಿಯ ಕ್ರಮ

ಭಂಡಾರ ಹಿಗ್ಗಿದಂತೆ ಹೊಸ ತೊಡಕು ಹುಟ್ಟಿತು. ನೂರಾರು ಹೆಸರುಗಳ ಪಟ್ಟಿಯಿಂದ ಬೇಕಾದುದನ್ನು ಆರಿಸುವುದಕ್ಕಿಂತ ಪೂರ್ತಿ ಪದವನ್ನು ಬರೆಯುವುದೇ ಸುಲಭವೆನಿಸತೊಡಗಿತು. ಈ ಹೊತ್ತಿಗೆ ಪೂರಣವು ಬರವಣಿಗೆಯ ನಿತ್ಯದ ಅಂಗವಾಗಿತ್ತೆಂಬುದಕ್ಕೆ ಆಧಾರವಿದೆ. ಗೇಲ್ ಮರ್ಫಿ, ಮಿಕ್ ಕರ್ಸ್ಟನ್ ಮತ್ತು ಲೀಯಾ ಫಿಂಡ್‌ಲೇಟರ್ ಅವರು 41 ಮಂದಿ ಜಾವಾ ಬರಹಗಾರರ ಬಳಕೆಯನ್ನು ದಾಖಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಕ್ಲಿಪ್ಸ್ ಪರಿಸರದಲ್ಲಿ ಅತಿ ಹೆಚ್ಚು ಬಳಕೆಯಾಗುವ ಆದೇಶಗಳ ಸಾಲಿನಲ್ಲಿ ಪೂರಣವೂ ಸೇರಿತ್ತು.

ಹಾಗಾಗಿ ಮುಂದಿನ ಸುಧಾರಣೆಗಳು ಪಟ್ಟಿಯನ್ನು ಬೆಳೆಸುವುದಕ್ಕಿಂತ ಅದರ ಕ್ರಮವನ್ನು ಸರಿಪಡಿಸುವ ಕಡೆಗೆ ತಿರುಗಿದವು. ಸ್ವಿಟ್ಜರ್ಲೆಂಡಿನ ಲುಗಾನೊ ವಿಶ್ವವಿದ್ಯಾಲಯದ ರೊಮೈನ್ ರಾಬ್ಸ್ ಮತ್ತು ಮಿಕೆಲೆ ಲಾಂಝಾ ಅವರು 2008ರಲ್ಲಿ, ಇತ್ತೀಚೆಗೆ ಯಾವ ಭಾಗಗಳು ಬದಲಾಗಿವೆ ಎಂಬುದನ್ನು ಗಮನಿಸಿ ಹೆಸರುಗಳನ್ನು ಜೋಡಿಸಿದರೆ ಬೇಕಾದ ಹೆಸರು ಮೇಲೆಯೇ ಸಿಗುತ್ತದೆಂದು ತೋರಿಸಿದರು. ಬರೆಯುವವರ ನೆನಪಿನಲ್ಲಿ ಹಸಿಯಾಗಿರುವುದು ಪಟ್ಟಿಯಲ್ಲಿಯೂ ಮುಂದೆ ಇರಬೇಕೆಂಬುದು ಇದರ ತಿರುಳು. ಮರುವರ್ಷ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಮಾರ್ಸೆಲ್ ಬ್ರೂಖ್, ಮಾರ್ಟಿನ್ ಮೊನ್‌ಪೆರ್ರೂಸ್ ಮತ್ತು ಮೀರಾ ಮೆಜಿನಿ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಇಂತಹುದೇ ಸಂದರ್ಭದಲ್ಲಿ ಇತರರು ಏನು ಬರೆದಿದ್ದಾರೆಂಬುದನ್ನು ಉದಾಹರಣೆಗಳ ಸಂಗ್ರಹದಿಂದ ಕಲಿತು ಸೂಚಿಸುವ ವಿಧಾನವನ್ನು ಅವರು ಮಂಡಿಸಿದರು. ಪೂರಣದ ಚರಿತ್ರೆಯಲ್ಲಿ ಇದೊಂದು ತಿರುವು. ಅದುವರೆಗೆ ಬರೆಯುವವರ ಕಡತ, ಅವರ ಯೋಜನೆ, ಅವರು ಬಳಸುವ ಭಾಷೆ ಇಷ್ಟೇ ಭಂಡಾರವಾಗಿತ್ತು. ಈಗ ಅಪರಿಚಿತರ ರೂಢಿಯೂ ಭಂಡಾರದೊಳಗೆ ಬಂತು.

4. ಸುಧಾರಣೆಯ ಒಂದು ನಿದರ್ಶನ: ಯುಕಂಪ್ಲೀಟ್‌ಮಿ

ಪ್ಲಗಿನ್ ಒಂದರ ಸುಧಾರಣೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಸ್ಟ್ರಾಹಿನ್ಯಾ ವಾಲ್ ಮಾರ್ಕೊವಿಚ್ ಅವರು 2013ರಲ್ಲಿ ವಿಮ್ ಬಳಕೆದಾರರಿಗಾಗಿ ಹೊರತಂದ ಯುಕಂಪ್ಲೀಟ್‌ಮಿ ಉತ್ತಮ ನಿದರ್ಶನ. ಅದಕ್ಕೆ ಮುಂಚೆ ವಿಮ್‌ನ ಪೂರಣವನ್ನು ಪಡೆಯಲು ಬರೆಯುವುದನ್ನು ನಿಲ್ಲಿಸಿ ವಿಶೇಷ ಕೀಲಿಗಳನ್ನು ಒತ್ತುವುದು ವಾಡಿಕೆಯಾಗಿತ್ತು. ತಾನಾಗಿ ಸೂಚಿಸುವ ಪ್ಲಗಿನ್‌ಗಳು ಇದ್ದವಾದರೂ ವೇಗ ಮತ್ತು ನಿಖರತೆ ಎರಡನ್ನೂ ಒಟ್ಟಿಗೆ ಸಾಧಿಸುವುದು ಕಷ್ಟವಾಗಿತ್ತು. ಹೊಸ ಪ್ಲಗಿನ್ ಮೂರು ಕಡೆ ಬದಲಾವಣೆ ತಂದಿತು.

ಮೊದಲನೆಯದು ಹೋಲಿಕೆಯ ಕ್ರಮ. ಪದದ ಆರಂಭವನ್ನೇ ಬರೆಯಬೇಕೆಂಬ ನಿಯಮವನ್ನು ಕೈಬಿಟ್ಟು, ಬರೆದ ಅಕ್ಷರಗಳು ಅದೇ ಅನುಕ್ರಮದಲ್ಲಿ ಪದದ ಎಲ್ಲಿದ್ದರೂ ಅದನ್ನು ಒಪ್ಪಲಾಯಿತು. ಗೆಟ್, ಯೂಸರ್, ನೇಮ್ ಎಂಬ ಮೂರು ಪದಗಳನ್ನು ಕೂಡಿಸಿದ ಹೆಸರಿಗೆ ಜಿ, ಯು, ಎನ್ ಎಂಬ ಮೂರು ಅಕ್ಷರಗಳು ಸಾಕು. ಕೂಡುಪದದೊಳಗಿನ ಪ್ರತಿ ಪದದ ಮೊದಲಕ್ಷರಕ್ಕೆ ಹೆಚ್ಚಿನ ತೂಕ ನೀಡಿದ್ದರಿಂದ ಅಂತಹ ಹೆಸರುಗಳು ಪಟ್ಟಿಯ ಮೇಲ್ಭಾಗಕ್ಕೆ ಬಂದವು. ಎರಡನೆಯದು ಅರ್ಥದ ಅರಿವು. ಸಿ ಕುಟುಂಬದ ಭಾಷೆಗಳಿಗೆ ಕ್ಲ್ಯಾಂಗ್ ಕಂಪೈಲರನ್ನು, ಪೈಥಾನ್ ಭಾಷೆಗೆ ಜೇಡಿ ಎಂಬ ಗ್ರಂಥಾಲಯವನ್ನು ಆಶ್ರಯಿಸಿದ್ದರಿಂದ ಆ ಸ್ಥಾನದಲ್ಲಿ ನಿಜವಾಗಿ ಸಲ್ಲುವ ಹೆಸರುಗಳು ದೊರೆತವು. ಮೂರನೆಯದು ಕಾಯುವಿಕೆಯ ನಿವಾರಣೆ. ಪ್ಲಗಿನ್ ಲೆಕ್ಕ ಹಾಕುವವರೆಗೆ ಆಗಿನ ವಿಮ್ ಬರೆಯಲು ಬಿಡುತ್ತಿರಲಿಲ್ಲ. ಈ ಕೆಲಸವನ್ನು ಪ್ರತ್ಯೇಕ ಪರಿಚಾರಕ ಕ್ರಮವಿಧಿಗೆ ವಹಿಸಿದಾಗ ಬರವಣಿಗೆ ನಿರಾತಂಕವಾಯಿತು. ಹಿನ್ನೆಲೆಯಲ್ಲಿ ಕೆಲಸ ನಡೆಸುವ ಅವಕಾಶ ವಿಮ್‌ನೊಳಗೇ ಸೇರಿದ್ದು 2016ರ ಸೆಪ್ಟೆಂಬರಿನಲ್ಲಿ ಬಂದ 8ನೆಯ ಆವೃತ್ತಿಯಲ್ಲಿ.

ಅದೇ ವರ್ಷದ ಜೂನ್ ತಿಂಗಳಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್‌ವಿ ಸಂಸ್ಥೆಗಳು ‘ಭಾಷಾ ಪರಿಚಾರಕ ಒಡಂಬಡಿಕೆ’ಯನ್ನು ಸಾರ್ವಜನಿಕಗೊಳಿಸಿದವು. ಅಲ್ಲಿಯವರೆಗೆ ಹತ್ತು ಎಡಿಟರುಗಳಿಗೂ ಹತ್ತು ಭಾಷೆಗಳಿಗೂ ಸಂಬಂಧ ಕಲ್ಪಿಸಲು ನೂರು ಪ್ಲಗಿನ್‌ಗಳು ಬೇಕಿದ್ದವು. ಎಲ್ಲರೂ ಒಂದೇ ಒಡಂಬಡಿಕೆಯಂತೆ ಮಾತನಾಡಿದಾಗ ಇಪ್ಪತ್ತು ಸಾಕಾದವು. ಯುಕಂಪ್ಲೀಟ್‌ಮಿ ಕೂಡ ಈ ಒಡಂಬಡಿಕೆಯನ್ನು ಸ್ವೀಕರಿಸಿತು. ಆರಂಭಿಸಿದವರ ಬಳಿಕ ಇತರ ಸ್ವಯಂಸೇವಕರು ಅದರ ನಿರ್ವಹಣೆಯನ್ನು ವಹಿಸಿಕೊಂಡರು.

5. ಎಲ್ಲರ ಭಂಡಾರ

2012ರಲ್ಲಿ ಅಬ್ರಾಮ್ ಹಿಂಡ್ಲ್, ಪ್ರೇಮ್‌ಕುಮಾರ್ ದೇವನ್ಬು ಮತ್ತು ಸಹಸಂಶೋಧಕರು ಮಂಡಿಸಿದ ಪ್ರಬಂಧವೊಂದು ಜಾನಪದ ವಿದ್ವಾಂಸರಿಗೆ ಪರಿಚಿತವಾದ ದಾರಿಯಲ್ಲೇ ಸಾಗುತ್ತದೆ. ಜನರು ಬರೆಯುವ ಕೋಡ್ ಇಂಗ್ಲಿಷ್ ಬರವಣಿಗೆಗಿಂತಲೂ ಹೆಚ್ಚು ಪುನರಾವರ್ತನೆಯಿಂದ ಕೂಡಿದೆ, ಆದುದರಿಂದ ಮುಂದಿನ ಪದವನ್ನು ಊಹಿಸಬಹುದು ಎಂದು ಅವರು ಅಂಕಿಅಂಶಗಳ ಮೂಲಕ ತೋರಿಸಿದರು; ಈ ಊಹೆಯನ್ನು ಬಳಸಿ ಎಕ್ಲಿಪ್ಸ್‌ನ ಪೂರಣವನ್ನು ಉತ್ತಮಪಡಿಸಿದರು. ಯುಗೊಸ್ಲಾವಿಯದ ಗಾಯಕರನ್ನು 1930ರ ದಶಕದಲ್ಲಿ ಅಭ್ಯಸಿಸಿದ ಮಿಲ್ಮನ್ ಪ್ಯಾರಿ ಹಾಗೂ 1960ರಲ್ಲಿ ಆ ಅಧ್ಯಯನವನ್ನು ಗ್ರಂಥರೂಪದಲ್ಲಿ ವಿಸ್ತರಿಸಿದ ಆಲ್ಬರ್ಟ್ ಲಾರ್ಡ್ ಕಂಡುಕೊಂಡದ್ದೂ ಇದನ್ನೇ ಹೋಲುತ್ತದೆ. ದೀರ್ಘ ಕಾವ್ಯವನ್ನು ಹಾಡುವವರು ಅದನ್ನು ಕಂಠಪಾಠ ಮಾಡಿರುವುದಿಲ್ಲ. ಪರಂಪರೆಯಿಂದ ಬಂದ ಸಿದ್ಧ ಸೂತ್ರಗಳಿಂದ ಹಾಡುವ ಹೊತ್ತಿನಲ್ಲೇ ಕಟ್ಟುತ್ತಾರೆ.

ಪುನರಾವರ್ತನೆಯ ಈ ಗುಣವನ್ನೇ ಆಧರಿಸಿ, ಗಿಟ್‌ಹಬ್ ಸಂಸ್ಥೆಯು 2021ರ ಜೂನ್ 29ರಂದು ಕೋಪೈಲಟ್ ಎಂಬ ಪೂರಣ ಪ್ಲಗಿನ್ನನ್ನು ಪ್ರಕಟಿಸಿತು. ಅದರ ಹಿಂದೆ ಇದ್ದುದು ಸಾರ್ವಜನಿಕವಾಗಿ ಲಭ್ಯವಿದ್ದ ಅಪಾರ ಕೋಡ್‌ನಿಂದ ತರಬೇತಿ ಪಡೆದ, ಓಪನ್ಎಐ ಸಂಸ್ಥೆಯ ಕೋಡೆಕ್ಸ್ ಎಂಬ ಮಾದರಿ. ಪದವನ್ನಲ್ಲ, ಸಾಲುಗಳನ್ನೂ ಇಡೀ ಕಾರ್ಯಭಾಗಗಳನ್ನೂ ಅದು ಸೂಚಿಸಿತು. 2022ರ ನವೆಂಬರಿನಲ್ಲಿ ಕೆಲವು ಕ್ರಮವಿಧಿಕಾರರು ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಲಯದಲ್ಲಿ ದಾವೆ ಹೂಡಿದರು. ತಮ್ಮ ಕೋಡನ್ನು ಎಲ್ಲರ ಬಳಕೆಗೆ ಬಿಟ್ಟಿದ್ದರೂ ಕರ್ತೃವಿನ ಹೆಸರನ್ನು ಉಳಿಸಬೇಕೆಂಬ ಪರವಾನಗಿಯ ನಿಬಂಧನೆಯನ್ನು ಪಾಲಿಸಿಲ್ಲವೆಂಬುದು ಅವರ ಆಕ್ಷೇಪಗಳಲ್ಲಿ ಮುಖ್ಯವಾದುದು. ಹೆಸರಿಗಾಗಿ ಹೋರಾಡಿದ ಆ ಫಿರ್ಯಾದಿಗಳು ನ್ಯಾಯಾಲಯದ ಮುಂದೆ ಅನಾಮಿಕರಾಗಿಯೇ ಬಂದದ್ದು ವಿಪರ್ಯಾಸ. ಸಾರ್ವಜನಿಕ ಕೋಡ್‌ಗೆ ಸುಮಾರು 150 ಅಕ್ಷರಗಳಷ್ಟು ಹೊಂದುವ ಸೂಚನೆಗಳನ್ನು ತಡೆಹಿಡಿಯುವ ವ್ಯವಸ್ಥೆಯನ್ನು ಗಿಟ್‌ಹಬ್ 2022ರಲ್ಲಿಯೂ, ಹಾಗೆ ಹೊಂದುವ ಕೋಡ್ ಎಲ್ಲಿದೆ, ಅದರ ಪರವಾನಗಿ ಯಾವುದು ಎಂದು ತೋರಿಸುವ ವ್ಯವಸ್ಥೆಯನ್ನು 2023ರಲ್ಲಿಯೂ ಪ್ರಕಟಿಸಿತು.

6. ಸೂತ್ರ ಮತ್ತು ಕೃತಿ

ಈ ವಿವಾದದಲ್ಲಿ ಎರಡೂ ಕಡೆಯ ಮಾತಿಗೆ ಆಧಾರವಿದೆ. ಒಂದು ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ನಾಲ್ಕು ಸಾಲಿನ ಕೋಡ್ ಯಾರೊಬ್ಬರ ಸೊತ್ತೂ ಅಲ್ಲ. ಕಾವ್ಯದಲ್ಲಿ ನಾಯಕನು ಕುದುರೆಯೇರುವ ವರ್ಣನೆಯಂತೆ ಅದು ಪರಂಪರೆಯ ಸೂತ್ರ. ಆದರೆ ಸೂತ್ರಗಳಿಂದ ಕಟ್ಟಿದ ಕೃತಿಗೆ ಕಟ್ಟಿದವರಿರುತ್ತಾರೆ. ಪ್ಯಾರಿಯವರ ಸಂಗ್ರಹ ಈ ಮಾತಿಗೆ ಸಾಕ್ಷಿ. ಹನ್ನೆರಡು ಸಾವಿರಕ್ಕೂ ಮೀರಿದ ಸಾಲುಗಳ ಕಾವ್ಯವೊಂದನ್ನು 1935ರಲ್ಲಿ ಬರೆಯಿಸಿದವರು ಅವ್ದೊ ಮೆಜೆದೊವಿಚ್ ಎಂಬ ಗಾಯಕರೆಂದು ಅದರಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ಸೂತ್ರಗಳು ಎಲ್ಲರವು ಎಂಬುದನ್ನು ಸಾಧಿಸಹೊರಟ ವಿದ್ವಾಂಸರೇ ಹಾಡಿದವರ ಹೆಸರನ್ನು ಬಿಡಲಿಲ್ಲ. ಕನ್ನಡದ ಕ್ಷೇತ್ರಕಾರ್ಯದಲ್ಲಿಯೂ ವಕ್ತೃವಿನ ಹೆಸರು, ಊರು, ಸಂಗ್ರಹಿಸಿದ ದಿನಾಂಕ ಇಲ್ಲದ ಪಠ್ಯವನ್ನು ಪ್ರಮಾಣವೆಂದು ಒಪ್ಪುವುದು ಕಷ್ಟ. ವಕ್ತೃಗಳನ್ನು ಹೆಸರಿಸದೆ ‘ಜನಪದರದು’ ಎಂದಷ್ಟೇ ಬರೆದು ಮುದ್ರಿಸಿದ ಸಂಕಲನಗಳು ಉಂಟುಮಾಡಿದ ನಷ್ಟ ಈ ಕ್ಷೇತ್ರದವರಿಗೆ ತಿಳಿದದ್ದೇ.

ಪೂರಣವು ಪದದ ಮಟ್ಟದಲ್ಲಿದ್ದಾಗ ಈ ಪ್ರಶ್ನೆ ಏಳಲಿಲ್ಲ. ಪದಕ್ಕೆ ಒಡೆಯರಿಲ್ಲ, ಅದು ಬಂದ ಕಡತವೂ ಕಣ್ಣಮುಂದೆಯೇ ಇತ್ತು. ಪದದಿಂದ ಸಾಲಿಗೆ, ಸಾಲಿನಿಂದ ಕಾರ್ಯಭಾಗಕ್ಕೆ ಪೂರಣ ಹಿಗ್ಗಿದಾಗ ಸೂತ್ರ ಮತ್ತು ಕೃತಿಗಳ ನಡುವಿನ ಗೆರೆ ದಾಟಿತು. ಭಂಡಾರವು ವಿಶಾಲವಾದಷ್ಟೂ ಕೊಟ್ಟವರ ಗುರುತು ಮಸುಕಾಯಿತು.

ಈ ಭಂಡಾರ ಸ್ವಯಂಭೂ ಅಲ್ಲ. ಬ್ರಾಮ್ ಮೂಲೆನಾರ್ ಅವರು 2023ರ ಆಗಸ್ಟ್ 3ರಂದು ನಿಧನರಾದಾಗ ಮೂರು ದಶಕಗಳ ಕಾಲ ಒಬ್ಬರ ಹೊಣೆಯಲ್ಲಿ ನಡೆದುಬಂದ ಕೆಲಸವನ್ನು ಕ್ರಿಶ್ಚಿಯನ್ ಬ್ರಾಬಂಟ್ ಮೊದಲಾದ ಸಹಭಾಗಿಗಳು ಮುಂದುವರಿಸಿದರು. 2024ರ ಜನವರಿಯಲ್ಲಿ ಬಂದ 9.1ನೆಯ ಆವೃತ್ತಿಯನ್ನು ಅವರ ನೆನಪಿಗೆ ಅರ್ಪಿಸಿದರು. ಮೇಳದ ಹಿರಿಯ ಗಾಯಕ ಇಲ್ಲವಾದಾಗ ಹಿಮ್ಮೇಳದಲ್ಲಿದ್ದವರು ಮುಂದೆ ಬಂದು ಸೊಲ್ಲೆತ್ತುವುದು ಪರಂಪರೆ ಉಳಿಯುವ ಬಗೆ. ಹಾಗೆ ಮುಂದೆ ಬರುವವರಿಗೆ ಹಿಂದೆ ಹಾಡಿದವರು ಯಾರೆಂಬುದು ತಿಳಿದಿರಬೇಕು. ಆದುದರಿಂದ ಪೂರಣದ ಮುಂದಿನ ಸುಧಾರಣೆಯನ್ನು ವೇಗದಿಂದಲೂ ನಿಖರತೆಯಿಂದಲೂ ಅಳೆದರೆ ಸಾಲದು. ಪೂರ್ತಿಗೊಳಿಸಿದ ನುಡಿ ಯಾರಿಂದ ಬಂತೆಂಬುದನ್ನು ಹೇಳಬಲ್ಲ ಗುಣವೂ ಆ ಅಳತೆಯಲ್ಲಿ ಸೇರಬೇಕಾಗಿದೆ.