ಸಾಲೋಟಗಿ: ದೀಪಕ್ಕೂ ಹೊಲ ಬಿಟ್ಟ ಊರು

ಇಂಡಿ ತಾಲ್ಲೂಕಿನ ಸಾಲೋಟಗಿಗೆ ಹಿಂದೆ ಪಾವಿಟ್ಟಗೆ ಎಂಬ ಹೆಸರಿತ್ತು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ಶಾಲೆ ಕಟ್ಟಿಸಿದ. ಅದರ ಲೆಕ್ಕವೆಲ್ಲ 945ರ ಕಂಬದ ಶಾಸನದಲ್ಲಿದೆ: ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ, ಗುರುವಿಗೆ 50 ನಿವರ್ತನ (ಹೊಲ ಅಳೆಯುವ ಹಳೆಯ ಅಳತೆ) ಹೊಲ, ದೀಪಕ್ಕೆಂದೇ 12 ನಿವರ್ತನ. ಅಗ್ರಹಾರದವರು ಮದುವೆಗೆ ಐದು, ಉಪನಯನಕ್ಕೆ ಎರಡೂವರೆ ನಾಣ್ಯ ಕೊಡಬೇಕಿತ್ತು. ಮನೆಯ ಸಂಭ್ರಮದಲ್ಲಿ ಶಾಲೆಗೂ ಪಾಲು. ಎಂಥ ದೊಡ್ಡ ಆಲೋಚನೆ!

ಹೋಲಿಸಿ ನೋಡಿ: ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಪಾಠ ನಡೆದ ದಾಖಲೆ ಸಿಗುವುದು 1096ರಿಂದ.

ಸಂಭ್ರಮವನ್ನು ಹಂಚಿಕೊಳ್ಳುವ ರೂಢಿ ಈ ಸೀಮೆಯಲ್ಲಿ ಇಂದಿಗೂ ಇದೆ. ಎಳ್ಳಮಾವಾಸ್ಯೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರೈತರು ಸಜ್ಜೆ ರೊಟ್ಟಿ, ಪುಂಡಿಪಲ್ಯ, ಕಡುಬಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬಿಳಿಜೋಳದ ಬೆಳೆಗೆ ಚರಗ (ಭೂಮಿತಾಯಿಗೆ ಅರ್ಪಿಸುವ ಎಡೆ) ಚೆಲ್ಲಿ, ಬಂದವರನ್ನೆಲ್ಲ ಕೂರಿಸಿಕೊಂಡು ಉಣ್ಣುತ್ತಾರೆ.

ಸಾಲೋಟಗಿಯ ಶಾಲೆಯ ಕಥೆ ನಮಗೆ ಸಿಕ್ಕಿದ್ದು ಕಂಬದ ಅಕ್ಷರಗಳಿಂದ. ನಿಮ್ಮೂರಲ್ಲೂ ಹಳೆಯ ಶಾಸನವಿದ್ದರೆ, ಅಕ್ಷರಗಳ ಮೇಲೆ ಸುಣ್ಣ, ಎಣ್ಣೆ ಬಳಿಯಬೇಡಿ.