ಪುಣೆಯ ಕಿರುರೈಲು

ಪುಣೆಯ ಕೋಥರೂಡ ಭಾಗದಲ್ಲಿ, ಮಹರ್ಷಿ ಕರ್ವೆಯವರ ಪ್ರತಿಮೆಯಿಂದ ಅನತಿದೂರದಲ್ಲಿ, ಜಿ. ಎ. ಕುಲಕರ್ಣಿಯವರ ಹೆಸರನ್ನು ಹೊತ್ತ ಒಂದು ರಸ್ತೆಯುಂಟು. ಬೆಳಗಾವಿ ಸೀಮೆಯಲ್ಲಿ 1923ರಲ್ಲಿ ಜನಿಸಿ, ಧಾರವಾಡದ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಜೀವಮಾನದ ಬಹುಭಾಗವನ್ನು ಕಳೆದು, ಕನ್ನಡದ ನೆಲದಲ್ಲಿ ನೆಲಸಿಯೇ ಮರಾಠಿಯ ಶ್ರೇಷ್ಠ ಕಥೆಗಳನ್ನು ರಚಿಸಿ, 1987ರಲ್ಲಿ ಪುಣೆಯಲ್ಲಿ ದೇಹವಿಟ್ಟ ಆ ಮಹನೀಯರ ಸ್ಮರಣೆಯ ದಾರಿಯಲ್ಲಿಯೇ ಜೋಶಿಯವರ ಕಿರುರೈಲು ವಸ್ತುಸಂಗ್ರಹಾಲಯವು ಇರುವುದು ಕಾಕತಾಳೀಯವೇ ಆದರೂ, ಧಾರವಾಡದಿಂದಲೋ ಬೆಳಗಾವಿಯಿಂದಲೋ ದೀಪಾವಳಿಯ ರಜೆಗೆ ಮಕ್ಕಳನ್ನು ಕರೆದುಕೊಂಡು ಬಂದ ಕನ್ನಡಿಗನಿಗೆ ಅದು ಹಿತವಾದ ಕಾಕತಾಳೀಯವಾಗಿದೆ.

ಈ ಸಂಗ್ರಹಾಲಯವನ್ನು ಕಟ್ಟಿದ ಬಿ. ಎಸ್. ಜೋಶಿಯವರನ್ನು ಪುಣೆಯ ಜನ ‘ಭಾವೂ’ ಎಂದು ಕರೆಯುತ್ತಿದ್ದರು. ಯಂತ್ರೋಪಕರಣಗಳ ಉದ್ಯಮವೊಂದನ್ನು ನಡೆಸುತ್ತ, ಬಿಡುವಿನ ಹೊತ್ತಿನಲ್ಲಿ ಕಿರುರೈಲುಗಳ ಹವ್ಯಾಸವನ್ನು ಬೆಳೆಸಿಕೊಂಡ ಅವರು, 1980ರ ದಶಕದಲ್ಲಿ ತಮ್ಮ ಹಳಿ, ಗಾಡಿ, ಮನೆ, ಸೇತುವೆಗಳನ್ನು ಬಿಚ್ಚಿ ಕೊಂಡೊಯ್ದು ಊರಿನ ಸಭಾಭವನದಲ್ಲಿ ಜೋಡಿಸಿ, ಜನರಿಗೆ ತೋರಿಸಿ, ಪುನಃ ಬಿಚ್ಚಿ ಮನೆಗೆ ತರುತ್ತಿದ್ದರು. ಒಂದೊಂದು ಹಳಿಯ ತುಂಡಿಗೂ ಒಂದೊಂದು ತಂತಿಗೂ ತನ್ನ ಸ್ಥಾನವಿರುವ ಇಂಥ ರಚನೆಯನ್ನು ಪ್ರತಿಸಲವೂ ಮೊದಲಿನಿಂದ ಕಟ್ಟುವುದು ಎಷ್ಟು ಶ್ರಮಸಾಧ್ಯವೆಂಬುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಆ ಶ್ರಮದ ಫಲವಾಗಿ ಹುಟ್ಟಿದ ಸ್ಥಿರನಿವಾಸದ ಸಂಕಲ್ಪವು ಕೈಗೂಡಿ, 1998ರ ಏಪ್ರಿಲ್ 1ರಂದು ಸಂಗ್ರಹಾಲಯದ ಬಾಗಿಲು ಸಾರ್ವಜನಿಕರಿಗೆ ತೆರೆಯಿತು. ಜಗತ್ತಿನ ಅತ್ಯಂತ ದೊಡ್ಡ ಕಿರುರೈಲು ಪ್ರದರ್ಶನವೆಂದು ಪ್ರಖ್ಯಾತವಾದ, ಜರ್ಮನಿಯ ಹ್ಯಾಂಬರ್ಗ್ ನಗರದ ‘ಮಿನಿಯಾಟುರ್ ವುಂಡರ್‌ಲ್ಯಾಂಡ್’ ಪ್ರಾರಂಭವಾದದ್ದು 2001ರಲ್ಲಿ ಎಂಬುದನ್ನು ನೆನೆದರೆ, ಪುಣೆಯ ಈ ಏಕವ್ಯಕ್ತಿಪ್ರಯತ್ನವು ಅದನ್ನು ಅನುಕರಿಸಿ ಹುಟ್ಟಿದ್ದಲ್ಲವೆಂಬುದು ಮನದಟ್ಟಾಗುತ್ತದೆ.

ಒಳಗೆ ಕಾಣುವುದು ಒಂದು ನಗರ. ನಡುವೆ ಹಬ್ಬಿದ ಹಳಿಗಳ ಜಾಲ, ಅರವತ್ತಕ್ಕೂ ಮಿಕ್ಕಿದ ಸಿಗ್ನಲ್ ಕಂಬಗಳು, ದೀಪಸ್ತಂಭಗಳು, ಮೇಲುಸೇತುವೆಗಳು, ಈಜುಕೊಳ, ಸರ್ಕಸ್ಸಿನ ಡೇರೆ, ಕಾರಿನಲ್ಲಿ ಕುಳಿತೇ ನೋಡುವ ಬಯಲು ಚಿತ್ರಮಂದಿರ, ಬೆಟ್ಟವನ್ನೇರುವ ತೂಗುಗಾಡಿ. ವಿವರಣೆಯ ಧ್ವನಿಯೊಡನೆ ಗಾಡಿಗಳು ಒಂದೊಂದಾಗಿ ನಿಲ್ದಾಣವನ್ನು ಬಿಡುತ್ತವೆ. ಹೊಗೆಯುಗುಳುವ ಹಬೆಯಂತ್ರವೊಂದು ಹೋದ ಹಳಿಯ ಪಕ್ಕದಲ್ಲಿಯೇ ಅತಿವೇಗದ ಆಧುನಿಕ ಗಾಡಿ ಬರುತ್ತದೆ. ನೋಡುನೋಡುತ್ತಿದ್ದಂತೆ ಬೆಳಕು ಇಳಿದು ರಾತ್ರಿಯಾಗಿ, ಮನೆಗಳ ಕಿಟಕಿಗಳಲ್ಲಿಯೂ ಬೀದಿಗಳಲ್ಲಿಯೂ ದೀಪಗಳು ಹೊತ್ತಿಕೊಳ್ಳುತ್ತವೆ. ಎರಡು ಗಾಡಿಗಳು ಒಂದೇ ಹಳಿಯಲ್ಲಿ ಎದುರಾಗದಂತೆ ಕಾಯುವ ಕೌಶಲವನ್ನು ಮಕ್ಕಳು ಗಮನಿಸಲಾರರು. ಆದರೆ ನನ್ನ ದೃಷ್ಟಿಯಲ್ಲಿ ಈ ಕಲೆಯ ಹೃದಯವು ಅದೇ. ದೊಡ್ಡ ರೈಲಿನಲ್ಲಿ ಹೇಗೋ ಹಾಗೆಯೇ ಇಲ್ಲಿಯೂ ಹಳಿಯನ್ನು ಖಂಡಗಳಾಗಿ ವಿಭಾಗಿಸಿ, ಒಂದು ಖಂಡದಲ್ಲಿ ಗಾಡಿಯಿರುವ ತನಕ ಆ ಖಂಡಕ್ಕೆ ಇನ್ನೊಂದನ್ನು ಬಿಡದಿರುವುದೇ ನಿಯಮ. ಒಂದು ವ್ಯತ್ಯಾಸವೆಂದರೆ, ಇಂಥ ಕಿರುರೈಲುಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ತು ಹರಿಯುವುದು ಹಳಿಗಳಲ್ಲಿಯೇ. ಹಳಿಯ ಮೇಲೆ ಧೂಳಿನ ತೆಳುಪದರ ಕುಳಿತರೂ ಗಾಡಿ ತಡವರಿಸುವುದು. ಆದುದರಿಂದ ಪ್ರೇಕ್ಷಕನಿಗೆ ವಿನೋದವಾಗಿ ಕಾಣುವ ಅರ್ಧ ಗಂಟೆಯ ಹಿಂದೆ, ಬಟ್ಟೆ ಹಿಡಿದು ಹಳಿಯನ್ನು ಒರೆಸುವ ನಿತ್ಯದ ಪರಿಚರ್ಯೆಯಿದೆ.

ಈ ಕಲೆ ಬೆಳೆದ ಮುಖ್ಯ ನೆಲೆಗಳಲ್ಲಿ ಜರ್ಮನಿಯೂ ಒಂದು. ಗೋಪಿಂಗನ್ ಎಂಬ ಊರಿನಲ್ಲಿ 1859ರಲ್ಲಿ ಸ್ಥಾಪಿತವಾದ ಮರ್ಕ್ಲಿನ್ ಸಂಸ್ಥೆಯು, 1891ರಲ್ಲಿ ಲೈಪ್‌ಝಿಗ್ ಜಾತ್ರೆಯಲ್ಲಿ, ಕೀಲಿ ಕೊಟ್ಟರೆ ಓಡುವ ರೈಲನ್ನೂ, ಬೇಕಾದಂತೆ ಕೂಡಿಸಿ ಬೆಳೆಸಬಹುದಾದ ಹಳಿಗಳನ್ನೂ ತೋರಿಸಿತು; ಒಂದು ಆಟಿಕೆಯನ್ನು ಕೊಂಡ ಬಾಲಕನು ಮರುವರ್ಷದ ಹಬ್ಬಕ್ಕೆ ಇನ್ನಷ್ಟು ಹಳಿಯನ್ನು ಬೇಡುವಂತಾದುದು ಅಲ್ಲಿಂದಲೇ. ಇಂಗ್ಲೆಂಡಿನಲ್ಲಿ ಫ್ರ್ಯಾಂಕ್ ಹಾರ್ನ್‌ಬಿ 1920ರಲ್ಲಿ ತಮ್ಮ ಹೆಸರಿನ ರೈಲುಗಳನ್ನು ತಂದರು. ನ್ಯೂಯಾರ್ಕಿನ ಜೋಶುವಾ ಲಯೊನೆಲ್ ಕೋವೆನ್ ಎಂಬಾತನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಿದ್ಯುತ್ತಿನಿಂದ ಓಡುವ ಬಂಡಿಯನ್ನು ಮಾಡಿದ್ದು ಅಂಗಡಿಯ ಗಾಜಿನ ಕಿಟಕಿಯಲ್ಲಿ ಗಿರಾಕಿಗಳನ್ನು ಸೆಳೆಯುವುದಕ್ಕಾಗಿ. ಗಿರಾಕಿಗಳೋ ಒಳಗಿನ ಸರಕನ್ನು ಬಿಟ್ಟು ಬಂಡಿಯನ್ನೇ ಕೇಳತೊಡಗಿದರು. ಕ್ರಿಸ್‌ಮಸ್ ಕಾಲದ ಮಹಾನಗರಗಳಲ್ಲಿ ರೈಲಿನ ಪ್ರದರ್ಶನ ಸಂಪ್ರದಾಯವಾದದ್ದು ಹೀಗೆ.

ಆದರೆ ಯಂತ್ರದ ವಂಶಾವಳಿ ಬೇರೆ, ಅದನ್ನು ಬರಮಾಡಿಕೊಂಡ ಮನೋಧರ್ಮದ ವಂಶಾವಳಿ ಬೇರೆ. ಭಾವೂ ಜೋಶಿಯವರ ನಗರವು ಪುಣೆಯಲ್ಲಿಯೇ ಏಕೆ ಬೆಳೆಯಿತೆಂದು ವಿಚಾರಿಸಿದರೆ, ಆ ಊರಿನ ಹಬ್ಬಗಳತ್ತ ತಿರುಗಬೇಕಾಗುತ್ತದೆ. ದೀಪಾವಳಿ ಸಮೀಪಿಸುತ್ತಲೇ ಪುಣೆಯ ವಾಡೆಗಳ ಅಂಗಳದಲ್ಲಿ ಮಕ್ಕಳು ಇಟ್ಟಿಗೆ, ಗೋಣಿತಟ್ಟು, ಕೆಮ್ಮಣ್ಣುಗಳಿಂದ ಕಿಲ್ಲೆಯನ್ನು ಕಟ್ಟುತ್ತಾರೆ. ಇಳಿಜಾರಿನಲ್ಲಿ ಬೀಜ ಚೆಲ್ಲಿ ಹಸುರು ಮೊಳೆಯಿಸುತ್ತಾರೆ. ಕುಂಭಾರವಾಡೆಯಿಂದ ತಂದ ಮಣ್ಣಿನ ಮಾವಳೆ ಸೈನಿಕರನ್ನು ಬುರುಜುಗಳಲ್ಲಿ ನಿಲ್ಲಿಸಿ, ಮೇಲೆ ಶಿವಾಜಿ ಮಹಾರಾಜನನ್ನು ಸಿಂಹಾಸನದಲ್ಲಿ ಕೂರಿಸುತ್ತಾರೆ. ಬೆಳಗಾವಿಯ ಓಣಿಗಳಲ್ಲಿಯೂ ಈ ಪದ್ಧತಿ ಜೀವಂತವಾಗಿದೆ. ಗಣೇಶೋತ್ಸವದ ಮಾತಂತೂ ಇನ್ನೂ ದೊಡ್ಡದು. ಲೋಕಮಾನ್ಯ ತಿಲಕರು 1893ರಿಂದ ಅದಕ್ಕೆ ಸಾರ್ವಜನಿಕ ಸ್ವರೂಪವನ್ನು ಕೊಟ್ಟ ತರುವಾಯ, ಪೇಠೆ ಪೇಠೆಗಳ ಮಂಡಲಗಳು ‘ದೇಖಾವೆ’ಗಳನ್ನು ನಿರ್ಮಿಸುವುದರಲ್ಲಿ ಪರಸ್ಪರ ಸ್ಪರ್ಧಿಸಿದವು, ಶಿಲ್ಪಿ ಡಿ. ಎಸ್. ಖಟಾವಕರರಂಥ ಕಲಾವಿದರು ಅವುಗಳಿಗೆ ತಮ್ಮ ಪ್ರತಿಭೆಯನ್ನು ಧಾರೆಯೆರೆದರು. ಮೋಟಾರು, ಹಲ್ಲುಗಾಲಿ, ಪಟ್ಟಿಗಳನ್ನು ಜೋಡಿಸಿ ಪುರಾಣದ ಪಾತ್ರಗಳು ಕತ್ತೆತ್ತುವಂತೆ, ಕೈಯಾಡಿಸುವಂತೆ ಮಾಡಿದ ಚಲಿಸುವ ದೃಶ್ಯಗಳನ್ನು ಕಾಣಲು ಜನ ರಾತ್ರಿಯೆಲ್ಲ ಬೀದಿಗಳಲ್ಲಿ ಅಲೆಯುವುದು ಊರಿನ ವಾಡಿಕೆಯಾಯಿತು. ನಮ್ಮ ಮೈಸೂರು ಸೀಮೆಯ ನವರಾತ್ರಿಯ ಗೊಂಬೆಗಳ ಮೆಟ್ಟಿಲ ಕೆಳಗೂ ರಾಗಿಪೈರಿನ ಹೊಲ, ಕನ್ನಡಿಯ ಕೆರೆ, ಅದರ ದಡದಲ್ಲಿ ಒಂದು ಪುಟ್ಟ ರೈಲು ಇರುವುದುಂಟು. ಅನಂತ ಚತುರ್ದಶಿಯಾದರೆ ದೇಖಾವೆ ಬಿಚ್ಚಬೇಕು, ದೀಪಾವಳಿ ಕಳೆದರೆ ಕಿಲ್ಲೆ ಕರಗಬೇಕು, ವಿಜಯದಶಮಿಯ ರಾತ್ರಿ ಗೊಂಬೆಗಳನ್ನು ಮಲಗಿಸಬೇಕು. ಕಟ್ಟಿ ಕೆಡವುವುದೇ ಈ ಕಲೆಯ ಧರ್ಮವಾಗಿದ್ದಿತು. ಜೋಶಿಯವರೂ ಮೊದಲು ಅದೇ ಧರ್ಮದಲ್ಲಿ ನಡೆದವರು. ಹಬ್ಬದ ವಸ್ತುವಿಗೆ ಹಬ್ಬದಾಚೆಗೂ ಮನೆಯೊಂದನ್ನು ಕಟ್ಟಿಕೊಟ್ಟುದು ಅವರ ವಿಶೇಷವೆಂದು ನಾನು ದೃಢವಾಗಿ ನಂಬುತ್ತೇನೆ. ಬಾಲ್ಯದಲ್ಲಿಯೇ ತೀರಿಕೊಂಡ ಮಗನ ಹೆಸರಿನಲ್ಲಿ ದಿನಕರ ಕೇಳಕರರು ಒಬ್ಬರೇ ಕೂಡಿಹಾಕಿದ ರಾಜಾ ಕೇಳಕರ ವಸ್ತುಸಂಗ್ರಹಾಲಯವೂ ಇದೇ ಊರಿನದು. ಒಬ್ಬ ಗೃಹಸ್ಥನ ಪ್ರೀತಿ ಊರಿನ ಸೊತ್ತಾಗುವ ಪರಂಪರೆ ಅಲ್ಲಿ ಹೊಸದಲ್ಲ.

ಇನ್ನು ರೈಲಿಗೂ ಪುಣೆಗೂ ಇರುವ ನಂಟು. ಮುಂಬಯಿಯಿಂದ ಠಾಣೆಗೆ 1853ರ ಏಪ್ರಿಲ್ 16ರಂದು ಮೊದಲ ಗಾಡಿ ಓಡಿದ ಸುಮಾರು ಐದು ವರ್ಷಗಳಲ್ಲಿ ಪುಣೆಗೂ ಹಳಿ ಬಂದಿತು; ಆದರೆ ನಡುವೆ ಸಹ್ಯಾದ್ರಿ ಅಡ್ಡವಾಗಿತ್ತು. ಘಟ್ಟದ ಬುಡದಲ್ಲಿ ಇಳಿದ ಪ್ರಯಾಣಿಕರು ಪಲ್ಲಕ್ಕಿಯಲ್ಲಿಯೋ ಕುದುರೆಯ ಮೇಲೆಯೋ ಖಂಡಾಲೆಗೆ ಏರಿ ಇನ್ನೊಂದು ಗಾಡಿಯನ್ನು ಹಿಡಿಯುತ್ತಿದ್ದರು. ಇಂಜಿನಿಯರ್ ಜೇಮ್ಸ್ ಬರ್ಕ್ಲಿಯ ನಕ್ಷೆಯಂತೆ ಈ ಭೋರ್‌ಘಾಟಿನ ಕೆಲಸ 1856ರಲ್ಲಿ ಮೊದಲಾಗಿ, ಒಂದು ಹಂತದಲ್ಲಿ 40,000ಕ್ಕೂ ಹೆಚ್ಚು ಕೂಲಿಕಾರರು ಬಂಡೆಯನ್ನು ಒಡೆದರು. ಕಾಲರಾ ಮೊದಲಾದ ರೋಗಗಳಿಗೆ ಸಾವಿರಾರು ಮಂದಿ ಬಲಿಯಾದರು. ಗುತ್ತಿಗೆದಾರ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಭಾರತಕ್ಕೆ ಬಂದ ಸ್ವಲ್ಪ ಕಾಲದಲ್ಲಿಯೇ ಮೃತನಾಗಲು, ಅವನ ಪತ್ನಿ ಆಲಿಸ್ ಆ ಭಾರವನ್ನು ಹೊತ್ತು, ಸಮರ್ಥ ಇಂಜಿನಿಯರುಗಳನ್ನು ನೇಮಿಸಿ ಕೆಲಸವನ್ನು ಮುಗಿಸಿದಳು. 1863ರ ಏಪ್ರಿಲ್‌ನಲ್ಲಿ ಘಟ್ಟದ ದಾರಿ ತೆರೆಯಿತು. ಗಾಡಿ ನೇರವಾಗಿ ಏರಲಾರದ ಕಡೆ ಒಂದು ನಿಲ್ದಾಣದಲ್ಲಿ ನಿಂತು, ಇಂಜಿನನ್ನು ಮತ್ತೊಂದು ತುದಿಗೆ ಕಟ್ಟಿಸಿಕೊಂಡು, ದಿಕ್ಕು ಬದಲಿಸಿ ಮೇಲಕ್ಕೆ ಸಾಗಬೇಕಾಗಿತ್ತು. ವಿದ್ಯುತ್ತು ಬಂದಮೇಲೆ ಆ ಪದ್ಧತಿ ಅಳಿಯಿತು. 1930ರ ಜೂನ್ 1ರಂದು ಈ ದಾರಿಯಲ್ಲಿ ‘ಡೆಕ್ಕನ್ ಕ್ವೀನ್’ ಗಾಡಿ ಓಡತೊಡಗಿತು.

ಕನ್ನಡಿಗರ ಪುಣೆಯ ದಾರಿಯೋ ದಕ್ಷಿಣದಿಂದ ಬರುವಂಥದು. ಧಾರವಾಡವನ್ನು ಕೇಂದ್ರವಾಗಿ ಮಾಡಿಕೊಂಡಿದ್ದ ಸದರ್ನ್ ಮರಾಠಾ ರೈಲ್ವೆಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೋಂಡಾ, ಬೆಳಗಾವಿ, ಮಿರಜಗಳ ಮೂಲಕ ಪುಣೆಗೆ ಹಾಕಿದ ಮೀಟರ್‌ಗೇಜ್ ಹಳಿಯಲ್ಲಿಯೇ ನಮ್ಮ ವಿದ್ಯಾರ್ಥಿಗಳೂ ವ್ಯಾಪಾರಿಗಳೂ ಸಂಗೀತಗಾರರೂ ಪ್ರಯಾಣ ಮಾಡಿದರು. 1971ರಲ್ಲಿ ಪುಣೆ–ಮಿರಜ ಭಾಗ ಬ್ರಾಡ್‌ಗೇಜ್ ಆದ ಬಳಿಕ, ದಕ್ಷಿಣದ ಹಳಿ ಅಗಲವಾಗುವ ತನಕ, ಮಿರಜದಲ್ಲಿ ಗಂಟುಮೂಟೆ ಹೊತ್ತು ಗಾಡಿ ಬದಲಾಯಿಸಿದ ನೆನಪು ಎಷ್ಟೋ ಕುಟುಂಬಗಳಲ್ಲಿ ಉಳಿದಿದೆ.

ಕಿರುರೈಲಿನ ಗಣಿತವನ್ನು ಸ್ವಲ್ಪ ವಿಚಾರಿಸೋಣ. ಈ ಹವ್ಯಾಸದಲ್ಲಿ ಬಹುಪ್ರಚಲಿತವಾದ ಎಚ್‌ಒ ಮಾನದಲ್ಲಿ 87 ಅಡಿಯ ವಸ್ತು ಒಂದು ಅಡಿಯಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ಓಡುವ ಗಾಡಿ ಈ ಲೋಕದಲ್ಲಿ ಸೆಕೆಂಡಿಗೆ ಸುಮಾರು 19 ಸೆಂಟಿಮೀಟರ್ ಸರಿದರೆ ಸಾಕು. ಹಳಿಯ ಅಗಲ 16.5 ಮಿಲಿಮೀಟರ್; ಇದು ಯೂರೋಪಿನ ಹಳಿಯ ಕುಗ್ಗಿದ ರೂಪ. ನಮ್ಮ ಬ್ರಾಡ್‌ಗೇಜನ್ನು ಅದೇ ಪ್ರಮಾಣದಲ್ಲಿ ಇಳಿಸಿದರೆ 19 ಮಿಲಿಮೀಟರಿಗಿಂತ ತುಸು ಹೆಚ್ಚಾಗುವುದರಿಂದ, ಭಾರತದ ಗಾಡಿಯನ್ನು ಕಿರಿದಾಗಿಸಹೊರಟವನು ಹಳಿಯಿಂದಲೇ ಹೊಸದಾಗಿ ಮೊದಲುಮಾಡಬೇಕು, ಇಲ್ಲವೇ ರಾಜಿಯಾಗಬೇಕು. ತಿರುವುಗಳನ್ನಂತೂ ಕುಗ್ಗಿಸಲೇಬೇಕು: 870 ಮೀಟರ್ ತ್ರಿಜ್ಯದ ತಿರುವಿಗೆ ಮಾದರಿಯಲ್ಲಿಯೂ 10 ಮೀಟರ್ ಬೇಕಾಗುವುದು, ಅಷ್ಟು ದೊಡ್ಡ ಕೋಣೆ ಯಾರ ಮನೆಯಲ್ಲಿದೆ? ಆದರೆ ಏರು ಮಾತ್ರ ಯಾವ ಪ್ರಮಾಣಕ್ಕೂ ಮಣಿಯುವುದಿಲ್ಲ. ಭೋರ್‌ಘಾಟಿನ ಅತಿ ಕಡಿದಾದ ಭಾಗದಲ್ಲಿ 37 ಅಡಿ ಮುಂದೆ ಸಾಗಿದರೆ ಒಂದು ಅಡಿ ಏರು. ಮೇಜಿನ ಮೇಲಿನ ಗಾಡಿಗೂ ಅದು 37ಕ್ಕೆ ಒಂದೇ, ಅದರ ಚಕ್ರಗಳೂ ಅಲ್ಲಿ ಜಾರಲು ಹವಣಿಸುವುವು.

ಈ ಕಾರಣದಿಂದಲೇ ನನಗೆ ಒಂದು ಅಪೇಕ್ಷೆಯಿದೆ. ಕೋಥರೂಡದ ನಗರವು ಯಾವ ಒಂದು ದೇಶಕ್ಕೂ ಸೇರದ ಕಲ್ಪನೆಯ ನಗರ. ಅದರ ಸೊಗಸು ಅದಕ್ಕಿರಲಿ. ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯವಿದೆ, ಅಲ್ಲಿ ನಿಜವಾದ ಇಂಜಿನುಗಳೂ ಅರಮನೆಯ ಸಲೂನುಗಳೂ ನಿಂತಿವೆ. ಆದರೆ ನಿಂತ ಇಂಜಿನು ಘಟ್ಟವನ್ನು ಏರಿ ತೋರಿಸಲಾರದು. 1863ರ ಭೋರ್‌ಘಾಟನ್ನು, ಅದರ ದಿಕ್ಕು ಬದಲಿಸುವ ನಿಲ್ದಾಣದೊಡನೆ, ಬುಡದಲ್ಲಿ ಕಾಯುವ ಪಲ್ಲಕ್ಕಿಗಳ ಹಿಂದಿನ ದೃಶ್ಯದೊಡನೆ, ಬಂಡೆ ಒಡೆದವರ ಗುಡಿಸಲುಗಳೊಡನೆ ಯಾರಾದರೂ ಕಟ್ಟಬೇಕು. ಅದರ ಇನ್ನೊಂದು ಮಗ್ಗುಲಲ್ಲಿ ಮಿರಜದ ನಿಲ್ದಾಣವನ್ನೂ, ಒಂದೇ ಅಂಗಳದಲ್ಲಿ ಅಗಲ ಹಳಿಯೂ ಕಿರಿಯ ಹಳಿಯೂ ಮುಖಾಮುಖಿಯಾಗಿ ನಿಂತಿದ್ದ ದಿನಗಳಲ್ಲಿ ಇದ್ದಂತೆಯೇ ಕಟ್ಟಬೇಕು. ದೀಪಾವಳಿಗೆ ಕಿಲ್ಲೆ ಕಟ್ಟಿ ಬೆಳೆದ ಕೈಗಳು ಪುಣೆಯಲ್ಲಿಯೂ ಬೆಳಗಾವಿಯಲ್ಲಿಯೂ ಯಥೇಷ್ಟವಾಗಿವೆ. ಆ ಹಳಿಗಳ ಮೇಲೆ ಪ್ರಯಾಣ ಮಾಡಿದ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ, ಪ್ಲಾಟ್‌ಫಾರಂ ಎಲ್ಲಿತ್ತು, ಚಹದ ಅಂಗಡಿ ಎಲ್ಲಿತ್ತು, ಕೂಲಿಗಳು ಯಾವ ಕಡೆಯಿಂದ ಬರುತ್ತಿದ್ದರು ಎಂದು ಅವರನ್ನು ಕೇಳಿ ಬರೆದಿಟ್ಟುಕೊಂಡು ಕೆಲಸಕ್ಕೆ ತೊಡಗುವುದು ಮೇಲು.